ಒಂದು ತರಗತಿಗೆ ಇಬ್ಬರು ಮಾಸ್ತರರು

ಇಬ್ಬರು ಮಾಸ್ತರರು ಕೂಡಿ ಒಂದು ಕೆಲಸ ಮಾಡುವುದು ಆಗದ ಮಾತು ಎಂದವರು ನಮ್ಮ ಹೆಡ್‌ಮಾಸ್ತರ ಖಾದರ್ ಸಾಹೇಬರು. "ಒಂದು ಒರಿಯಾಗ ಎರಡು ತಲವಾರ್ ಹಿಡಿತಾವೇನ್ರಿ?" ಎಂದಿದ್ದರು. ನಾನು ನಂಬಲಿಲ್ಲ. ನಮ್ಮ ಕೇರಿಯಲ್ಲಿ ಮೊದಲು ಅಕ್ಷರ ಕಲಿತವನು, ಹೈದರಾಬಾದಿಗೆ ಹೋಗಿ ಬಿ.ಎ. ಮುಗಿಸಿ ಬಂದವನು ನಾನು. ಯಾರು 'ಆಗದು' ಎಂದರೂ ನನಗದು 'ಮಾಡಿ ತೋರಿಸು' ಎಂದೇ ಕೇಳಿಸುತ್ತಿತ್ತು. ಈ ರೋಗಕ್ಕೆ ನಾರಾಯಣಖೇಡದ ಹಕೀಮರಲ್ಲಿಯೂ ಮದ್ದಿರಲಿಲ್ಲ.

ಅಲ್ಲಿನ ಶಾಲೆಗೆ ನಾವು ಮೂವರು. ಹೆಡ್‌ಮಾಸ್ತರರಿಗೂ ಲೆಕ್ಕದ ಬಸಪ್ಪ ಮಾಸ್ತರರಿಗೂ ಮಾತಿರಲಿಲ್ಲ. ಅಂಗಳದ ಬೇವಿನ ನೆರಳಿನಲ್ಲಿ ಯಾರ ತರಗತಿ ಕೂಡಬೇಕೆಂಬ ಜಗಳ ನಾನು ಬರುವ ಮೊದಲೇ ಹಳಸಿತ್ತು. ಎದುರೆದುರು ಕೂತೇ ಜವಾನನ ಬಾಯಿಂದ ಮಾತಾಡುತ್ತಿದ್ದರು. ಸರ್ಕಾರದ ಹುಕುಮಿನಂತೆ ಪಾಠವೆಲ್ಲ ಉರ್ದುವಿನಲ್ಲಿ, ಮಕ್ಕಳ ಮನೆಮಾತು ಕನ್ನಡ. ಸಂತೆಯಲ್ಲಿ ಜೋಳದ ಲೆಕ್ಕ ಬಾಯಲ್ಲೇ ಮುಗಿಸುವ ಹುಡುಗರು ಶಾಲೆಯಲ್ಲಿ ಅದೇ ಲೆಕ್ಕಕ್ಕೆ ಏಟು ತಿನ್ನುತ್ತಿದ್ದರು. "ನೀವು ಲೆಕ್ಕ ಹೇಳ್ರಿ, ನಾ ಕನ್ನಡದಾಗ ಬಿಡಿಸಿ ಹೇಳ್ತೀನಿ" ಎಂದೆ. ಬಸಪ್ಪನವರು, "ಹೇಳ್ರಿ. ಆದ್ರ ಹೊಸ್ತಿಲ ಹೊರಗ ನಿಂತು ಹೇಳ್ರಿ" ಎಂದರು. ಒಳಗೆ ಅವರ ನೀರಿನ ತಂಬಿಗೆ ಇತ್ತು. ನಾನು ಯಾವ ಕೇರಿಯವನೆಂದು ಅದಕ್ಕೂ ಗೊತ್ತಿತ್ತು. ನನ್ನ ಮಕ್ಕಳನ್ನು ಅಂಗಳದಲ್ಲಿ ಬರೆಯಲು ಕೂಡಿಸಿ, ನನ್ನ ಬಿ.ಎ.ಯನ್ನು ಬಿಸಿಲಿಗೆ ನಿಲ್ಲಿಸಿದೆ. ನೆತ್ತಿ ಕಾಯಿತು, ಆದರೆ ಒಳಗೆ ಬೆತ್ತಕ್ಕೆ ಕೆಲಸ ಕಡಿಮೆಯಾಯಿತು.

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತನಿಖೆಯ ಸಾಹೇಬರು ಬಂದು ಮೆಚ್ಚಿದರೆ ಆಗುವುದಿತ್ತು. ಬಂದರು. ಕೇಳಿದ ಲೆಕ್ಕಕ್ಕೆಲ್ಲ ಮಕ್ಕಳು ಉತ್ತರ ಹೇಳಿದರು. ಸಾಹೇಬರು ನೋಡಿದ್ದು ನನ್ನನ್ನು. "ಈ ಮಾಸ್ತರ ತನ್ನ ಜಮಾತಿನ ಹುಡುಗರನ್ನ ಬಿಟ್ಟು ಇಲ್ಯಾಕ ನಿಂತಾನ?"

ಬಸಪ್ಪನವರು ತಂಬಿಗೆಯ ಕಡೆ ನೋಡುತ್ತ, "ನಾ ಕರದಿಲ್ರಿ" ಎಂದರು. "ನಾನೂ ಹೇಳಿಲ್ರಿ" ಎಂದರು ಹೆಡ್‌ಮಾಸ್ತರರು.

ಸಾಹೇಬರು ನನ್ನ ಹೆಸರಿಗೆ ಗೀಟು ಎಳೆದು ಹೋದರು. ಅಂದು ಸಂಜೆ, ಜವಾನನ ಹಂಗಿಲ್ಲದೆ, ಅವರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಒಬ್ಬರು ಹೇಳಿದರು, ಇನ್ನೊಬ್ಬರು ಬರೆದರು. ನನ್ನ ನಡತೆ ಒಳ್ಳೆಯದು, ಇನ್ನು ಮುಂದೆ ಈ ಶಾಲೆಗೆ ಬೇಕಾಗಿಲ್ಲ ಎಂಬ ಸರ್ಟಿಫಿಕೇಟು ಚೊಕ್ಕವಾಗಿ ತಯಾರಾಯಿತು. ಖಾದರ್ ಸಾಹೇಬರ ಮಾತು ಸುಳ್ಳಾದದ್ದನ್ನು ಕಣ್ಣಾರೆ ಕಂಡೆ. ಸುಳ್ಳು ಮಾಡಿದ ಕೀರ್ತಿ ನನ್ನದೇ.

ಮನೆಗೆ ಬಂದು ಕಾಗದವನ್ನು ಅವ್ವನ ಕೈಗೆ ಕೊಟ್ಟೆ. ಅವಳಿಗೆ ಓದು ಬಾರದು. ಬಿ.ಎ. ಕಾಗದವಿದ್ದ ಟ್ರಂಕನ್ನೇ ತೆರೆದು, ಇಡುವ ಮೊದಲು ಈ ಕಾಗದದ ಕೆಳಗಿನ ಸಹಿಗಳ ಮೇಲೆ ಬೆರಳಾಡಿಸಿ ಕೇಳಿದಳು:

"ಇವು ಯಾರ್ಯಾರ್ವು?"

"ಇಬ್ಬರು ಮಾಸ್ತರ್ದು, ಯವ್ವಾ. ಕೂಡಿ ಕೊಟ್ಟಾರ."

"ಇಬ್ಬರು ಕೂಡಿ ಕೊಟ್ಟಾರಂದ್ರ, ಆ ಬಿ.ಎ.ಗಿಂತ ಇದು ದೊಡ್ಡ ಪರೀಕ್ಷಾ ಇರಬೇಕು ಬಿಡಪ್ಪ."