ನಮ್ಮ ಹಿತ್ತಿಲಲ್ಲಿ ನಡೆದ ಏಷ್ಯಾಡ್

ಮನುಷ್ಯನ ನಾಲಿಗೆ ಚಪಲವನ್ನು ವೈದ್ಯರು ಪತ್ತೆಮಾಡಿದ್ದಾರೆ, ಕುರ್ಚಿ ಚಪಲವನ್ನು ಪತ್ರಿಕೆಯವರು ಪತ್ತೆಮಾಡಿದ್ದಾರೆ. ಆದರೆ ‘ನಮ್ಮ ಮನೆಯಲ್ಲೇ ಆಗಲಿ ಬಿಡಿ’ ಎನ್ನುವ ಚಪಲವೊಂದಿದೆ ನೋಡಿ, ಅದಕ್ಕೆ ಇವತ್ತಿನವರೆಗೂ ಯಾರೂ ಮದ್ದು ಕಂಡುಹಿಡಿದಿಲ್ಲ. ನನಗೆ ಅದು ಚಿಕ್ಕಂದಿನಿಂದ ಇದೆ. ನಾನು ಮೇಷ್ಟ್ರಾಗಿರುವ ಶಾಲೆಗೆ ತನಿಖೆಗೆ ಬಂದ ಇನ್‌ಸ್ಪೆಕ್ಟರು ‘ಇಲ್ಲಿ ಊಟಕ್ಕೆ ಹೋಟೆಲು ಇದೆಯೇ?’ ಎಂದು ಕೇಳಿದರೆ ಸಾಕು, ಹೆಡ್‌ಮಾಸ್ತರರು ಬಾಯಿ ತೆರೆಯುವ ಮೊದಲೇ ‘ನಮ್ಮ ಮನೆ ಇಲ್ಲೇ ಇದೆ ಸಾರ್’ ಎಂದುಬಿಡುತ್ತೇನೆ. ಆಮೇಲೆ ಮನೆಗೆ ಹೋಗುವ ದಾರಿಯುದ್ದಕ್ಕೂ, ಈ ಸುದ್ದಿಯನ್ನು ಹೆಂಡತಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು ಎಂದು ಬೆವರುತ್ತೇನೆ. ಒಲಿಂಪಿಕ್ಸನ್ನೋ ಏಷ್ಯನ್ ಕ್ರೀಡಾಕೂಟವನ್ನೋ ನಮ್ಮ ಊರಲ್ಲೇ ನಡೆಸಿ ಎಂದು ದೊಡ್ಡ ದೊಡ್ಡ ನಗರಗಳು ನಕ್ಷೆ ಹಿಡಿದುಕೊಂಡು ದೇಶ ದೇಶ ಅಲೆಯುತ್ತವೆಂದು ಪತ್ರಿಕೆಯಲ್ಲಿ ಓದಿದಾಗ ಎಲ್ಲರೂ ನಗುತ್ತಾರೆ. ನಾನು ನಗುವುದಿಲ್ಲ. ಆ ನಗರಗಳ ಹೆಂಡತಿಯರು ಏನಂದರೋ ಪಾಪ ಎಂದುಕೊಳ್ಳುತ್ತೇನೆ.

ದಿಲ್ಲಿಯಲ್ಲಿ ಏಷ್ಯಾಡ್ ನಡೆದ ವರ್ಷ ಅದು ನಮ್ಮ ಮನೆಯಲ್ಲೂ ನಡೆಯಿತು. ತಿಪಟೂರಿನಿಂದ ಹೊನ್ನವಳ್ಳಿ ಕಡೆಗೆ ಬರುವ ದಾರಿಯಲ್ಲಿ, ತೆಂಗಿನ ತೋಟಗಳ ನಡುವೆ ಎಲ್ಲಿ ಇಳಿಯಬೇಕೆಂದು ಕಂಡಕ್ಟರಿಗೂ ಅನುಮಾನ ಬರುವಂಥ ಊರು ನಮ್ಮದು. ಟೀವಿ ಎನ್ನುವುದು ಬೆಂಗಳೂರಿಗೆ ಬಂದಿದೆ ಎಂದು ಕೇಳಿದ್ದೆವು, ಕಂಡಿರಲಿಲ್ಲ. ತಿಪಟೂರಿನಲ್ಲಿ ರೇಡಿಯೋ ಮಾರುತ್ತಿದ್ದವರೊಬ್ಬರು ಧೈರ್ಯ ಮಾಡಿ ಒಂದು ಟೀವಿ ತರಿಸಿ, ಕೊಳ್ಳುವವರಿಲ್ಲದೆ ಕೂತಿದ್ದರು. ನಮ್ಮ ಯುವಕ ಸಂಘದವರು ಅವರನ್ನು ಮಾತಾಡಿಸಿ, ‘ಆಟ ಮುಗಿಯೋವರೆಗೂ ಕೊಟ್ಟಿರಿ, ಊರವರಿಗೆ ರುಚಿ ಹತ್ತಿದರೆ ನಾಲ್ಕು ಮಂದಿಯಾದರೂ ಕೊಳ್ತಾರೆ’ ಎಂದು ಒಪ್ಪಿಸಿಬಿಟ್ಟರು. ಟೀವಿ ಸಿಕ್ಕಿತು. ಆದರೆ ಸಂಘಕ್ಕೆ ಕಟ್ಟಡವಿಲ್ಲ. ಇದ್ದದ್ದು ಒಂದು ಬೋರ್ಡು, ಅದನ್ನೂ ಹೊಂಗೆ ಮರಕ್ಕೆ ತೂಗುಹಾಕಿದ್ದರು. ಹೀಗಾಗಿ ಟೀವಿಯನ್ನು ಯಾರ ಮನೆಯಲ್ಲಿ ಇಡುವುದು ಎಂಬ ಪ್ರಶ್ನೆ ಎದ್ದಿತು. ಎದ್ದ ದಿನವೇ ಎರಡು ಪಾರ್ಟಿಯಾಯಿತು.

ಒಂದು ಕಡೆ ಕೊಬ್ಬರಿ ವ್ಯಾಪಾರದ ಶಿವನಂಜಪ್ಪನವರು. ಇನ್ನೊಂದು ಕಡೆ ಹಿಟ್ಟಿನ ಗಿರಣಿಯ ಮರಿಗೌಡರು. ಇಬ್ಬರಿಗೂ ಮನೆ ದೊಡ್ಡದು, ಗಂಟಲು ಇನ್ನೂ ದೊಡ್ಡದು. ಜಗಳ ಬೇಡವೆಂದು ಊರವರು ಇಬ್ಬರ ಸಮಿತಿ ಮಾಡಿದರು. ಒಬ್ಬರು ರಿಟೈರಾದ ಪೋಸ್ಟ್ ಮಾಸ್ಟರ್ ನರಸಿಂಹಯ್ಯನವರು, ಇನ್ನೊಬ್ಬ ನಾನು. ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ನನಗೆ ಯಾರೆದುರೂ ‘ಇಲ್ಲ’ ಎನ್ನುವ ಧೈರ್ಯವಿರಲಿಲ್ಲ. ನಿಷ್ಪಕ್ಷಪಾತಕ್ಕೆ ಇದಕ್ಕಿಂತ ಏನು ಬೇಕು? ‘ಮೇಷ್ಟ್ರಿಗೆ ಇದರಲ್ಲಿ ಆಸೆ ಇಲ್ಲ ಕಣ್ರಪ್ಪಾ’ ಎಂದು ಯಾರೋ ಅಂದರು. ನಾನು ಆಸೆ ಇಲ್ಲದವನ ಹಾಗೆ ತಲೆ ತಗ್ಗಿಸಿದೆ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಟೀವಿ ಬರುತ್ತದೆಂದು ಕಿವಿಗೆ ಬಿದ್ದ ರಾತ್ರಿಯೇ ನಮ್ಮ ನಡುಮನೆಯ ಗೂಡಿನ ಅಗಲವನ್ನು ಗೇಣಿನಲ್ಲಿ ಅಳೆದು ನೋಡಿದ್ದೆ.

ಮೊದಲು ಶಿವನಂಜಪ್ಪನವರ ಮನೆ ನೋಡಲು ಹೋದೆವು. ಹೋದ ತಕ್ಷಣ ಎಳನೀರು, ಆಮೇಲೆ ಒಬ್ಬಟ್ಟು. ಪೋಸ್ಟ್ ಮಾಸ್ಟರು ಎರಡನೇ ಒಬ್ಬಟ್ಟಿಗೇ ತಮ್ಮ ಮತ ಕೊಟ್ಟುಬಿಡುವ ಹಂತದಲ್ಲಿದ್ದರು. ನಡುಮನೆ ಎಂದರೆ ಮದುವೆ ಛತ್ರ, ನೂರು ಜನ ಕೂರಬಹುದು. ಆದರೆ ಅದರ ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆಂದು ಕೂಡಿಟ್ಟ ಕಾಯಿ. ನಮ್ಮ ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡುತ್ತಾರೆ; ನೀರು ತಾನಾಗಿ ಆರಿ, ಒಳಗೇ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಶಿವನಂಜಪ್ಪನವರ ತಾಯಿ ನಂಜಜ್ಜಿ ಅಷ್ಟು ಹೊತ್ತೂ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದವರು ತಲೆ ಎತ್ತಿದರು.

“ಅದೇನ್ ಮೇಷ್ಟ್ರೇ, ನೂರ್ ಜನ ಬತ್ತಾರಂತಲ್ಲ, ಕುಂತ್ಕಂಡ್ ಸುಮ್ಕೆ ನೋಡ್ತಾರಾ?”

“ಆಟ ಅಂದಮೇಲೆ ಸ್ವಲ್ಪ ಕೂಗ್ತಾರೆ ಅಜ್ಜಿ” ಎಂದೆ.

“ಕೂಗ್ತಾರಾ! ಕಾಯಿ ಮಲಗ್ಸಿ ಎಂಟ್ ತಿಂಗ್ಳಾತು ಕಣಪ್ಪ. ಚಿಪ್ ಬುಡೋ ಹೊತ್ತು. ಈಗ ಕೆಳಗ್ ಕುಂತು ಗೋಲು ಗೋಲು ಅಂತ ಕಿರುಚಿದ್ರೆ ಅದು ಕೊಬ್ಬರಿ ಆಯ್ತದಾ, ಕೌಟು ಹಿಡೀತದಾ? ಬಸುರಿ ಮುಂದೆ ತಮಟೆ ಬಡೀತಾರೇನ್ಲಾ ಶಿವನಂಜಾ?”

ಗೋಲಿನ ಕೂಗಿಗೆ ಕೊಬ್ಬರಿ ಕೆಡುತ್ತದೆಯೇ ಇಲ್ಲವೇ ಎನ್ನುವುದಕ್ಕೆ ನನ್ನ ಬಳಿ ಆಧಾರವಿರಲಿಲ್ಲ. ಶಿವನಂಜಪ್ಪನವರ ಬಳಿಯೂ ಇರಲಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಕೊಬ್ಬರಿಯ ವಿಷಯದಲ್ಲಿ ಯಾರೂ ಪ್ರಯೋಗ ಮಾಡಲು ಹೋಗುವುದಿಲ್ಲ. ಅವರು ಅಟ್ಟ ನೋಡಿದರು, ತಾಯಿಯನ್ನು ನೋಡಿದರು, ಕೊನೆಗೆ ಒಬ್ಬಟ್ಟಿನ ತಟ್ಟೆಯನ್ನು ನಮ್ಮ ಮುಂದಿನಿಂದ ಮೆಲ್ಲಗೆ ಸರಿಸಿದರು.

ಮರಿಗೌಡರ ಗಿರಣಿಯಲ್ಲಿ ಜಾಗಕ್ಕೂ ಕರೆಂಟಿಗೂ ಕೊರತೆಯಿರಲಿಲ್ಲ. ನಾವು ಹೋದಾಗ ಯಾರದೋ ಮದುವೆಗೆ ಖಾರದ ಪುಡಿ ಮಾಡಿ ಮುಗಿಸಿದ್ದರು. ಪೋಸ್ಟ್ ಮಾಸ್ಟರು ಬಾಗಿಲಲ್ಲಿ ಶುರು ಮಾಡಿದ ಸೀನು ಒಳಗೆ ಹೋಗಿ ಹೊರಗೆ ಬರುವವರೆಗೂ ನಿಲ್ಲಲಿಲ್ಲ. ನಾನು ಪ್ರಶ್ನೆ ಕೇಳಲು ಬಾಯಿ ತೆರೆದಾಗಲೆಲ್ಲ ಸೀನೇ ಬಂತು. ಮರಿಗೌಡರು ಮಾತ್ರ ಕಣ್ಣಲ್ಲಿ ಒಂದು ಹನಿಯೂ ಇಲ್ಲದೆ ನಿಂತು, “ಎರಡ್ ದಿನ ಕಣ್ರೀ, ಆಮೇಲೆ ಒಗ್ಗೋಯ್ತದೆ” ಎಂದರು. ಹೊರಗೆ ಬಂದು ಮೂಗು ಒರೆಸಿಕೊಂಡು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರಿಗೂ ಅಳು ಬಂದಿತ್ತು.

ಅಷ್ಟರಲ್ಲಿ ಆಂಟೆನಾ ಕಟ್ಟಲು ತಿಪಟೂರಿನಿಂದ ಮೆಕ್ಯಾನಿಕ್ ಬಂದ. ಅವನು ಯಾರ ಮನೆಯನ್ನೂ ನೋಡಲಿಲ್ಲ. “ಮನೆ ಯಾವುದಾದ್ರೂ ಆಗ್ಲಿ ಸಾರ್, ನಂಗೆ ಎತ್ತರ ಬೇಕು. ಬೆಂಗಳೂರು ಎಲ್ಲಿದೆ, ನಾವೆಲ್ಲಿದೀವಿ!” ಎಂದು ಆಕಾಶ ನೋಡುತ್ತ ನಡೆದ. ಊರೆಲ್ಲ ಅವನ ಹಿಂದೆ ಆಕಾಶ ನೋಡುತ್ತ ನಡೆಯಿತು. ಅವನು ಬಂದು ನಿಂತದ್ದು ನಮ್ಮ ಹಿತ್ತಿಲಲ್ಲಿ. ನಮ್ಮ ತಾತ ಇಟ್ಟ ತೆಂಗಿನ ಮರ ಅಲ್ಲಿದೆ. ಕಾಯಿ ಬಿಡುವುದನ್ನು ಮರೆತು ಬರೀ ಬೆಳೆಯುವುದನ್ನೇ ಕಸುಬು ಮಾಡಿಕೊಂಡ ಮರ. “ಇದೇ ಸಾರ್” ಎಂದ.

“ಛೆ ಛೆ, ನಮ್ಮನೇಲಿ ಜಾಗ ಎಲ್ಲಿದೆ, ಬೇಡ ಬೇಡ” ಎಂದೆ. ನರಸಿಂಹಯ್ಯನವರು ಕನ್ನಡಕ ತೆಗೆದು ಒರೆಸುತ್ತ, “ಮೇಷ್ಟ್ರೇ, ಪಾಯಸ ಬಡಿಸೋವಾಗ ಎಲೆಗೆ ಕೈ ಅಡ್ಡ ಇಟ್ಟು ಬೆರಳ ಸಂದಿ ಬಿಡ್ತಾರಲ್ಲ, ಹಂಗೈತೆ ನಿಮ್ಮ ‘ಬೇಡ’” ಎಂದರು. ಎಲ್ಲರೂ ನಕ್ಕರು. ಸಮಿತಿಯ ಒಬ್ಬ ಸದಸ್ಯರು ಪರವಾಗಿ ಮತ ಹಾಕಿದರು, ಇನ್ನೊಬ್ಬ ಸದಸ್ಯನಾದ ನಾನು ಊರವರ ಮಾತು ಮೀರಬಾರದೆಂದು ಸುಮ್ಮನಾದೆ. ಹೀಗೆ ಏಷ್ಯಾ ಖಂಡದ ಆಟಗಳು ನಮ್ಮ ಮನೆಗೆ ಬಂದವು.

ಒಳಗೆ ಹೋಗಿ ಹೆಂಡತಿ ಶಾರದೆಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಎಷ್ಟ್ ದಿನವಂತೆ?”

“ಹದಿನೈದು ಹದಿನಾರು.”

“ದಿಲ್ಲೀಲಿ ಮಾಡ್ತಿರೋರು ಹೊಸ ಸ್ಟೇಡಿಯಂ ಕಟ್ಟಿಸ್ಕೊಂಡಿದಾರಂತೆ. ನೀವು ನಂಗೊಂದು ದೊಡ್ಡ ಕಾಫಿ ಪಾತ್ರೆನಾದ್ರೂ ತಂದ್ಕೊಡ್ತೀರಾ?”

ನಾನು ಪಾತ್ರೆಯನ್ನು ಪಕ್ಕದ ಮನೆಯಿಂದ ತಂದುಕೊಟ್ಟೆ.

ಇನ್ನು ಮರ ಹತ್ತಬೇಕಾದವನು ತಿಮ್ಮಯ್ಯ. ಊರ ತೋಟಗಳ ಕಾಯಿ ಕೀಳುವ ಆಳು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಕಾಲಿಗೆ ಹಗ್ಗದ ಬಳೆ ಸಿಕ್ಕಿಸಿಕೊಂಡು ಅವನು ಮರ ಹತ್ತುವುದನ್ನು ನೋಡಿದರೆ ನಾವು ಮೆಟ್ಟಿಲು ಹತ್ತುವುದಕ್ಕೇ ನಾಚಿಕೆಯಾಗಬೇಕು. ಅವನು ಬಿದಿರಿಗೆ ಆಂಟೆನಾ ಕಟ್ಟಿ, ಬಿದಿರನ್ನು ಮರದ ನೆತ್ತಿಗೆ ಬಿಗಿದ. ಟೀವಿಯಲ್ಲಿ ರಾಗಿ ಚೆಲ್ಲಿದಂತೆ ಇದ್ದದ್ದು ಮೆಲ್ಲಗೆ ಒಂದು ಮುಖವಾಯಿತು. ಊರು ಹೋ ಎಂದಿತು. ಆದರೆ ಮರ ಎಂದಮೇಲೆ ತೂಗುತ್ತದಲ್ಲ? ಮರ ತೂಗಿದರೆ ದಿಲ್ಲಿಯೂ ತೂಗುತ್ತಿತ್ತು. ಗಾಳಿ ಬಂದಾಗಲೆಲ್ಲ ‘ತಿಮ್ಮಯ್ಯಾ’ ಎಂದು ಕೂಗುವುದು, ಅವನು ಹತ್ತಿ ಬಿದಿರು ತಿರುಗಿಸಿ ‘ಬಂತಾ?’ ಎನ್ನುವುದು, ನಾವು ‘ಬಂತು, ಬುಡಬ್ಯಾಡ, ಹಿಡ್ಕೋ’ ಎನ್ನುವುದು. ಅವನು ಇಳಿದು ಬಾಗಿಲಿಗೆ ಬರುವ ಹೊತ್ತಿಗೆ ಮತ್ತೆ ರಾಗಿ. ಓಟ, ನೆಗೆತ, ಕುಸ್ತಿ ಎಲ್ಲವನ್ನೂ ನಾವು ಹೀಗೇ ನೋಡಿದೆವು. ಅಷ್ಟು ದಿನದಲ್ಲಿ ಏಷ್ಯಾಡಿನ ಒಂದೇ ಒಂದು ಚಿತ್ರ ಕಾಣದವನು ಊರಲ್ಲಿ ತಿಮ್ಮಯ್ಯ ಒಬ್ಬನೇ.

ಅವನು ಕೇಳಿದ್ದೂ ಒಂದೇ ಒಂದು. ಹಾಕಿ ಫೈನಲಿಗೆ ನಮ್ಮವರು ಬಂದರು, ಎದುರಿಗೆ ಪಾಕಿಸ್ತಾನ. ಹಿಂದಿನ ದಿನ ಕಾಫಿ ಕುಡಿಯುತ್ತ ತಿಮ್ಮಯ್ಯ ಮೆಲ್ಲಗೆ ಅಂದ: “ಮೇಷ್ಟ್ರೇ, ಎಲ್ರಿಗೂ ದಿಲ್ಲಿ ತೋರ್ಸಿದೀನಿ. ನಾಳೀಕ್ ಒಂದ್ ಕಿತ ನಾನೂ ನೋಡ್ತೀನಿ. ಮುಂದ್ಗಡೆ ಒಸಿ ಜಾಗ ಮಡಗಿ.” ನಾನು ಗದ್ಗದಿತನಾಗಿ, “ನನ್ನ ಪಕ್ಕದಲ್ಲೇ ಕೂರಪ್ಪ ನೀನು” ಎಂದೆ. ಮಾತು ಕೊಡುವುದು ನನಗೆ ಯಾವತ್ತೂ ಕಷ್ಟವಾಗಿದ್ದಿಲ್ಲ.

ಮಾರನೆಯ ದಿನ ಶಾಲೆಗೆ ತಲೆನೋವೆಂದು ಅರ್ಧ ದಿನ ರಜೆ ಬರೆದು ಬಂದೆ. ನಡುಮನೆ ತುಂಬಿ, ಜನ ಕಿಟಕಿಗಳಿಗೂ ಜೋತುಬಿದ್ದಿದ್ದರು. ಶಿವನಂಜಪ್ಪನವರು, ಮರಿಗೌಡರು, ಪೋಸ್ಟ್ ಮಾಸ್ಟರು ಎಲ್ಲರೂ ಮುಂದಿನ ಸಾಲು. ತಿಮ್ಮಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ. ಆಟಗಾರರು ಸಾಲಾಗಿ ನಿಂತರು. ಗಾಳಿ ಬೀಸಿತು. ಆಟಗಾರರು ಕರಗಿ ರಾಗಿಯಾದರು. ನೂರು ಜನ ತಿಮ್ಮಯ್ಯನನ್ನು ನೋಡಿದರು. ತಿಮ್ಮಯ್ಯ ನನ್ನನ್ನು ನೋಡಿದ.

“ಒಂದೈದು ನಿಮಿಷ ತಿಮ್ಮಯ್ಯ” ಎಂದೆ. ಅವನು ಅಂಗಿ ಬಿಚ್ಚಿ ಮಡಿಸಿ ತನ್ನ ಜಾಗದ ಮೇಲಿಟ್ಟು ಎದ್ದು ಹೋದ.

ಬಿದಿರಿನ ಕಟ್ಟು ಸಡಿಲವಾಗಿತ್ತಂತೆ. ಗಾಳಿಯಲ್ಲಿ ಕಟ್ಟಲಾಗದೆ ಅವನು ಗರಿಗಳ ನಡುವೆ ಕೂತು ಕೈಯಲ್ಲೇ ಹಿಡಿದುಕೊಂಡ. ಚಿತ್ರ ಬಂತು, ಆಟ ಶುರುವಾಯಿತು, ನಮ್ಮವರೇ ಮೊದಲ ಗೋಲು ಹೊಡೆದರು. ಸೂರು ಹಾರುವಂತೆ ಕೂಗಿದೆವು. ಮೇಲಿನಿಂದ ತಿಮ್ಮಯ್ಯನೂ ಕೂಗಿದ. ಅದೇ ಕೊನೆ. ಆಮೇಲೆ ಅವರದೊಂದು ಬಿತ್ತು, ಇನ್ನೊಂದು ಬಿತ್ತು. “ಮೇಷ್ಟ್ರೇ, ಎಷ್ಟಾತು?” ಎಂದು ಆಕಾಶದಿಂದ ಪ್ರಶ್ನೆ ಬಂತು. ಸೋಲುತ್ತಿದ್ದೇವೆ ಎಂದರೆ ಇಳಿದುಬಿಟ್ಟಾನು ಎಂಬ ಭಯ ನನಗೆ. ಹಿತ್ತಿಲ ಬಾಗಿಲಿಗೆ ಹೋಗಿ, “ಮುಂದಿದೀವಿ ತಿಮ್ಮಯ್ಯ, ಹಿಡ್ಕೋ” ಎಂದೆ. ಮೊದಲ ಸುಳ್ಳು ಗಂಟಲಲ್ಲಿ ಸ್ವಲ್ಪ ತಡೆಯಿತು. ಎರಡನೆಯದು ಸಲೀಸಾಗಿ ಬಂತು. ನಾಲ್ಕನೇ ಗೋಲಿಗೆ ಶಿವನಂಜಪ್ಪನವರು ಅಟ್ಟದ ಕಾಯಿ ನೋಡಬೇಕೆಂದು ಎದ್ದರು. ಐದಕ್ಕೆ ಮರಿಗೌಡರಿಗೆ ಗಿರಣಿಯ ನೆನಪಾಯಿತು. ಆರಕ್ಕೆ ಪೋಸ್ಟ್ ಮಾಸ್ಟರು ‘ಹೇಗೂ ನನಗೆ ಸರಿಯಾಗಿ ಕಾಣುತ್ತಿಲ್ಲ’ ಎಂದು ಹೋದರು, ಅವರ ಹಿಂದೆ ಉಳಿದವರೂ. ಏಳನೇ ಗೋಲು ಬೀಳುವಾಗ ನಡುಮನೆಯಲ್ಲಿ ನಾನೊಬ್ಬನೇ, ಪಕ್ಕದಲ್ಲಿ ಮಡಿಸಿಟ್ಟ ಅಂಗಿ. ಎದ್ದು ಹೋಗೋಣವೆಂದರೆ ಹೋಗುವುದೆಲ್ಲಿಗೆ? ಅದು ನನ್ನದೇ ಮನೆ.

ಶಾರದೆ ಬಂದು ಬಾಗಿಲಲ್ಲಿ ನಿಂತಳು. “ರೀ, ಮನೆ ಖಾಲಿಯಾಯ್ತು. ಅವನನ್ನ ಇನ್ನೂ ಯಾರಿಗೋಸ್ಕರ ಮೇಲೆ ಕೂರ್ಸಿದೀರಿ?”

ಹಿತ್ತಿಲಿಗೆ ಹೋಗಿ “ಇಳಿಯಪ್ಪ ತಿಮ್ಮಯ್ಯ” ಎಂದೆ. ಅವನು ಇಳಿದ. ಅಂಗೈ ಕೆಂಪಾಗಿ ಊದಿಕೊಂಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಅಂದ: “ಬುಡಿ ಮೇಷ್ಟ್ರೇ, ಗೊತ್ತಾತು. ಮ್ಯಾಲಿಂದ ಬೀದಿ ಪೂರ್ತಾ ಕಾಣ್ತದೆ. ಗೆಲ್ಲೋ ಆಟ ಬುಟ್ಟು ಶಿವನಂಜಪ್ನೋರು ತಲೆ ಬಗ್ಗಿಸ್ಕಂಡ್ ಮನೀಗ್ ಹೋಯ್ತಾರಾ?”

“ಗೊತ್ತಾದ ಮೇಲೆ ಇಳೀಬಾರದಿತ್ತೇನಯ್ಯಾ?”

“ನೀವೊಬ್ರು ಬರ್ಲಿಲ್ವಲ್ಲ ಆಚೀಕೆ. ಮೇಷ್ಟ್ರು ಇನ್ನೂ ನೋಡ್ತಾವ್ರೆ, ನೋಡ್ಕಳ್ಲಿ ಅಂತ ಹಿಡ್ಕಂಡಿದ್ದೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ನಾಚಿಕೆಯಾದಾಗ ಸುಮ್ಮನಿರುವವರು ಜಾಣರು. ನಾನು ಪಂಚೆ ಎತ್ತಿ ಕಟ್ಟಿದೆ. “ಬಹುಮಾನ ಕೊಡೋದಾದರೂ ನೋಡು ನೀನು. ಹೋಗಿ ಕೂತ್ಕೋ. ನಾನು ಹತ್ತಿ ಹಿಡ್ಕೋತೀನಿ” ಎಂದು ಹೇಳಿ, ಅವನು ತಡೆಯುವ ಮೊದಲೇ ಮರ ತಬ್ಬಿಕೊಂಡೆ. ನನ್ನ ತಾತನ ಮರ, ಹುಟ್ಟಿದಾರಭ್ಯ ನೋಡಿದ ಮರ. ಒಂದಾಳು ಎತ್ತರ ಹೇಗೆ ಏರಿದೆನೋ ನನಗೇ ಗೊತ್ತಿಲ್ಲ. ಅಲ್ಲಿಂದ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಎದೆ ತರಚಿ ಉರಿಯುತ್ತಿತ್ತು. ಆದರೂ ಕಣ್ಣು ಮುಚ್ಚಿಕೊಂಡು, ಇದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದು, “ಬಂತಾ?” ಎಂದು ಕೂಗಿದೆ.

“ಬಂತು ಮೇಷ್ಟ್ರೇ!” ಎಂದು ಒಳಗಿನಿಂದ ತಿಮ್ಮಯ್ಯನ ದನಿ ಕೇಳಿತು. “ಬೋ ಚೆಂದಾಗ್ ಕಾಣ್ತೈತೆ! ಹಂಗೇ ಹಿಡ್ಕಂಡಿರಿ, ಬುಡಬ್ಯಾಡಿ!”

ಕತ್ತು ಹೊರಳಿಸಿ ನೋಡಿದೆ. ತೆರೆದ ಬಾಗಿಲಿನಿಂದ ನಡುಮನೆಯವರೆಗೂ ಕಾಣುತ್ತಿತ್ತು. ಶಾರದೆ ಟೀವಿಯನ್ನು ಯಾವಾಗಲೋ ಆರಿಸಿ ಮೇಲೆ ಬಟ್ಟೆ ಹೊದಿಸಿದ್ದಳು. ಅದರ ಮುಂದಿನ ಸಾಲಿನಲ್ಲಿ ತಿಮ್ಮಯ್ಯ ಅಂಗಿ ಹಾಕಿಕೊಂಡು ಚಕ್ಕಂಬಕ್ಕಳ ಹಾಕಿ ಕೂತು, ದೊಡ್ಡ ಲೋಟದಲ್ಲಿ ಕಾಫಿ ಕುಡಿಯುತ್ತ, ಆ ಬಟ್ಟೆಯನ್ನೇ ನೋಡುತ್ತಿದ್ದ.

ನಾನು ಕೈ ಬಿಡಲಿಲ್ಲ. ಅವನ ಕಾಫಿ ಮುಗಿಯುವವರೆಗೂ ಹಾಗೇ ಹಿಡಿದುಕೊಂಡಿದ್ದೆ.