ಬುದ್ಧಿಯ ಸ್ವತ್ತಿಗೆ ನಾನು ಮಾಡಿಸಿದ ಮಹಜರು

ನಮ್ಮ ಯಜಮಾನರು ಇದ್ದ ಕೊನೆಯ ಸಾಧಾರಣ ದಿನ ಒಂದು ಮಂಗಳವಾರ. ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು. "ನಾಳೆಯಿಂದ ಉಪ್ಪಿನ ಡಬ್ಬಿ ನನ್ನ ಅಂಗಡೀಲಿ ಇಟ್ಕೊಂಡಿರ್ತೀನಿ ಕಣೇ, ಬೇಕಾದಾಗ ಬಂದು ಚಿಟಿಕೆ ಈಸ್ಕೊಂಡು ಹೋಗು" ಎಂದರು. ಹಾಗೆನ್ನುತ್ತಲೇ ಎರಡನೆಯ ಸಲವೂ ಬಡಿಸಿಕೊಂಡರು. ಸಾದಲಿಯ ಬಸ್ ಸ್ಟ್ಯಾಂಡಿನ ಪಕ್ಕದ ನಮ್ಮ ಸೈಕಲ್ ಶಾಪಿಗೆ ಹೋದರು. ಸಂಜೆ ಬಶೆಟ್ಟಹಳ್ಳಿ ಕಡೆಯವರೊಬ್ಬರು ನಮ್ಮ ಸೊಪ್ಪಿನ ಯಂತ್ರ ನೋಡಲು ಮನೆಗೆ ಬಂದಿದ್ದರು. "ನೋಡ್ಕೊಳ್ಳಪ್ಪ, ಅಳತೆ ಬೇಕಾದ್ರೆ ತಗೊ, ಅದ್ರಲ್ಲೇನಿದೆ" ಎಂದು ಟೇಪನ್ನೂ ಇವರೇ ಹಿಡಿದುಕೊಟ್ಟರು.

ಮಾರನೆಯ ದಿನ ಬುಧವಾರ ಅಂಗಡಿಯಲ್ಲಿ ಯಾರದೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದವರು ಹಾಗೇ ಕೂತರು. ಏಳಲಿಲ್ಲ. ಸೈಕಲ್ಲಿನವರು ಪಾಪ, ಅರ್ಧ ಗಾಳಿಯ ಚಕ್ರ ತಳ್ಳಿಕೊಂಡು ನನಗೆ ಸುದ್ದಿ ಹೇಳಲು ಬಂದರು.

ಯಂತ್ರದ ವಿಷಯ ಹೇಳಬೇಕು. ರೇಷ್ಮೆ ಮರಿಹುಳುಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ, ಒಂದೇ ಸಮನಾಗಿ ಹೆಚ್ಚಿ ಹಾಕಬೇಕು. ಕತ್ತಿಯಲ್ಲಿ ಹೆಚ್ಚಿ ಹೆಚ್ಚಿ ನನ್ನ ಬಲಗೈ ಊದಿಕೊಂಡಿದ್ದನ್ನು ನೋಡಿ, ಇವರು ಹಳೆಯ ಸೈಕಲ್ಲಿನ ಹಲ್ಲುಚಕ್ರ, ಚೈನು, ಪೆಡಲು ತಂದು, ಎರಡು ಅಲಗು ಕಟ್ಟಿ ಒಂದು ಯಂತ್ರ ಮಾಡಿದರು. ಪೆಡಲನ್ನು ಕೈಯಲ್ಲಿ ತಿರುಗಿಸಿದರೆ ಸೊಪ್ಪು ಎಳೆ ಎಳೆಯಾಗಿ ಬೀಳುತ್ತಿತ್ತು. ಐದು ವರ್ಷದಲ್ಲಿ ಅದು ಸುತ್ತಲಿನ ಹಳ್ಳಿಗಳಿಗೆಲ್ಲ ಹಬ್ಬಿತು. ಇವರು ಕೇಳಿದವರಿಗೆಲ್ಲ ತೋರಿಸಿದರು. ಕೇಳದವರಿಗೂ ತೋರಿಸಿದರು!

ಇವರು ಹೋಗಿ ವರ್ಷ ತುಂಬಿದ ಮೇಲೆ ನಾನು ಚಿಂತಾಮಣಿಗೆ ಹೋಗಿದ್ದೆ. ಅಲ್ಲಿ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ಅಂಥವೇ ನಾಲ್ಕು ಯಂತ್ರಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮೇಲೂ ಕೆಂಪು ಬಣ್ಣದಲ್ಲಿ 'ರವಣಪ್ಪ, ಚಿಂತಾಮಣಿ' ಎಂದು ಬರೆದಿತ್ತು. ನನಗೆ ಸಿಟ್ಟು ಬರಲಿಲ್ಲ. ಯಂತ್ರ ಯಾರು ಬೇಕಾದರೂ ಮಾಡಿಕೊಳ್ಳಲಿ. ಆದರೆ ಮಾಡಿದವರ ಹೆಸರು ಮುನಿರಾಜು. ಅವರಿದ್ದಷ್ಟು ದಿನ ಆ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ ನಾನು. ಈಗ ಎಲ್ಲಾದರೂ ಒಂದು ಕಡೆ ಅದನ್ನು ಬರೆಸಲೇಬೇಕು ಎನ್ನಿಸಿತು. ಅಲ್ಲಿಯವರೆಗೆ ಸರ್ಕಾರ ಅವರ ಹೆಸರು ಬರೆದುಕೊಟ್ಟಿದ್ದ ಕೊನೆಯ ಕಾಗದ ಮರಣ ಪ್ರಮಾಣಪತ್ರ.

ಆ ಹೊತ್ತಿಗೆ ಸರಿಯಾಗಿ ಒಂದು ಕರಪತ್ರ ಕೈಗೆ ಬಂತು. ಚಿಕ್ಕಬಳ್ಳಾಪುರ ಜಿಲ್ಲೆಯಾದ ಹೊಸತು. ದಿನಕ್ಕೊಂದು ಸಭೆ, ಶಿಬಿರ. ಇದು 'ಬೌದ್ಧಿಕ ಸ್ವತ್ತಿನ ಹಕ್ಕುಗಳು: ಮೂರು ದಿನಗಳ ಅಂತರರಾಷ್ಟ್ರೀಯ ತರಬೇತಿ'. ಹೊರದೇಶದಿಂದ ಪಾಠ ಹೇಳುವವರು ಬರುತ್ತಾರೆ. ಕೊನೆಯ ಸಾಲು: 'ಸ್ವಂತ ಆವಿಷ್ಕಾರ ಇರುವವರು ಸೂಕ್ತ ದಾಖಲೆಯೊಂದಿಗೆ ಹಾಜರಾಗತಕ್ಕದ್ದು.'

ಸ್ವತ್ತು, ದಾಖಲೆ! ನನಗೆ ಇಷ್ಟು ಸಾಕಾಗಿತ್ತು. ನಮ್ಮ ಹೊಲದ ಬದುವಿನ ತಕರಾರಿನಲ್ಲಿ ನಾಲ್ಕು ವರ್ಷ ತಾಲ್ಲೂಕು ಕಚೇರಿಗೆ ಅಲೆದವಳು ನಾನು. ಸ್ವತ್ತು ನಮ್ಮದು ಎಂದು ತೋರಿಸುವುದು ಹೇಗೆ? ಅಕ್ಕಪಕ್ಕದವರನ್ನು ಕರೆದು ಮಹಜರು ಮಾಡಿಸಬೇಕು. ಹೆಚ್ಚು ಜನ ಬಲ್ಲೆವು ಎಂದಷ್ಟೂ ಸ್ವತ್ತು ಗಟ್ಟಿ. ಹೊರದೇಶದವರಿಗೆ ಇದನ್ನು ನಾವೇ ಕಲಿಸಬಹುದು!

ಶಿಡ್ಲಘಟ್ಟದ ತಾಲ್ಲೂಕು ಕಚೇರಿಯ ಎದುರು ಮರದಡಿ ಕೂತು ಅರ್ಜಿ, ಪತ್ರ ಬರೆಯುವ ಅನ್ವರ್ ಸಾಹೇಬರ ಹತ್ತಿರ ಹೋದೆ. ಜೊತೆಗೆ ಪಕ್ಕದ ಮನೆಯ ನಾರಾಯಣಮ್ಮಕ್ಕ. ಸಾಹೇಬರು ಕನ್ನಡಕ ಹಾಕಿಕೊಂಡು ಛಾಪಾ ಕಾಗದ ತೆಗೆದರು.

"ಸ್ವತ್ತು ಎಲ್ಲಿದೆಯಮ್ಮಾ?"

"ಬುದ್ಧೀಲಿ, ಸಾಹೇಬ್ರೇ."

ಅವರು ಪೆನ್ನನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. "ಇರ್ಲಿ. ಚೆಕ್ಕುಬಂದಿ? ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು?"

"ಪೂರ್ವಕ್ಕೆ ನಾನೇ ಅಂತ ಬರೀರಿ" ಎಂದರು ನಾರಾಯಣಮ್ಮಕ್ಕ. "ಆವಯ್ಯ ಯಂತ್ರ ಬಡೀತಿದ್ದಾಗ ನನ್ನ ನಿದ್ದೆ ತಾನೇ ಹಾಳಾಗಿದ್ದು!"

ಸಾಹೇಬರು ಬಹಳ ಯೋಚಿಸಿದರು. "ಬುದ್ಧಿಗೆ ಸರ್ವೆ ನಂಬರ್ ಇಲ್ಲ. ಅನುಭವದಲ್ಲಿದೆ ಅಂತ ಬರ್ಯೋಣ. ಗಟ್ಟಿಯಾಗಿ ಬರ್ದುಕೊಡ್ತೀನಿ, ಯಾವ ಕೋರ್ಟೂ ಅಲ್ಲಾಡಿಸಬಾರ್ದು."

ಬರೆದರು. ಅಂಥ ಕನ್ನಡ ಈಗ ಯಾರೂ ಬರೆಯುವುದಿಲ್ಲ. 'ಸದರಿ ಮುನಿರಾಜು ಎಂಬುವರು ನಿರ್ಮಿಸಿದ ಸೊಪ್ಪು ಕತ್ತರಿಸುವ ಯಂತ್ರವನ್ನು ಈ ಕೆಳಗೆ ಸಹಿ ಮಾಡಿದ ನಾವುಗಳು ಸತತ ಆರು ವರ್ಷಗಳಿಂದ ಬಹಿರಂಗವಾಗಿಯೂ, ನಿರಾತಂಕವಾಗಿಯೂ, ಸ್ವತಃ ತಯಾರಿಸಿಕೊಂಡು ಬಳಸುತ್ತಿರುವುದು ಸತ್ಯವಾಗಿರುತ್ತದೆ.'

ಓದಿ ಹೇಳಿದ್ದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ಸಹಿ. ನಾನೂ ನಾರಾಯಣಮ್ಮಕ್ಕನೂ ಸಾದಲಿಯ ಬೀದಿಗಳನ್ನು ಮುಗಿಸಿ ಅಕ್ಕಪಕ್ಕದ ಹಳ್ಳಿಗಳಿಗೂ ನಡೆದೆವು. ಯಾರೂ ಇಲ್ಲವೆನ್ನಲಿಲ್ಲ. ಕಾಫಿ ಕೊಟ್ಟರು, ಸಹಿ ಕೊಟ್ಟರು, ಹೆಬ್ಬೆಟ್ಟು ಕೊಟ್ಟರು. ಒಂದು ಊರಿನಲ್ಲಿ ಮೂರು ಮನೆಯವರು, "ನಮ್ಮತ್ರ ಯಂತ್ರ ಇಲ್ವಲ್ಲಮ್ಮ, ಸುಳ್ಳು ಸಹಿ ಹಾಕಬಾರ್ದು" ಎಂದು ತಡೆದರು. ಎರಡು ವಾರ ಬಿಟ್ಟು ತಾವೇ ಬಂದು ಸಹಿ ಹಾಕಿದರು. ಅಷ್ಟರಲ್ಲಿ ಯಂತ್ರ ಮಾಡಿಕೊಂಡಿದ್ದರು!

ಕೊನೆಗೆ ಚಿಂತಾಮಣಿಯ ರವಣಪ್ಪನ ಬಳಿಗೂ ಹೋದೆವು. ನಾನು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಆತ ಕೈ ಒರೆಸಿಕೊಂಡು ಎದ್ದುನಿಂತ. "ಮುನಿರಾಜಣ್ಣ ನನಗೆ ಗುರು ಇದ್ದಂಗೆ ಅಕ್ಕಾ. ಎಲ್ಲಿ ಹಾಕ್ಬೇಕು ಹೇಳಿ." ಸಹಿ ಹಾಕಿ, ಅದರ ಮೇಲೆ ಅಂಗಡಿಯ ಮೊಹರನ್ನೂ ಒತ್ತಿದ. ನನ್ನ ದಾಖಲೆ ಈಗ ಬಂಡೆಯಷ್ಟು ಗಟ್ಟಿ.

ತರಬೇತಿ ಚಿಕ್ಕಬಳ್ಳಾಪುರದ ಒಂದು ಕಲ್ಯಾಣ ಮಂಟಪದಲ್ಲಿ. ಯಂತ್ರವನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದೆವು. ಪಾಠ ಹೇಳುವವರು ವಯಸ್ಸಾದ, ಎತ್ತರದ ಮನುಷ್ಯ. ಮಾತನಾಡುವಾಗ ಬಗ್ಗಿ ನಿಲ್ಲುತ್ತಿದ್ದರು. ಅವರು ಹೇಳಿದ್ದನ್ನು ಕನ್ನಡಕ್ಕೆ ಮಾಡಿ ಹೇಳಲು ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದಿದ್ದಳು. ಮೊದಲ ದಿನ ಪರದೆಯ ಮೇಲೆ ಹಿಮದಲ್ಲಿ ಜಾರುವ ಹಲಗೆ ತೋರಿಸಿದರು. ಅದರ ಮೇಲೆ ಹನ್ನೆರಡು ಹಕ್ಕುಗಳಿವೆಯಂತೆ. ಹಿಮವನ್ನೇ ಕಾಣದ ನಾವು ಹನ್ನೆರಡನ್ನೂ ಬರೆದುಕೊಂಡೆವು. ಆಮೇಲೆ ಯಾವುದೋ ಪಾನೀಯದ ಅಳತೆಯನ್ನು ಬೀಗ ಹಾಕಿದ ಕೋಣೆಯಲ್ಲಿ ಇಟ್ಟಿರುವ ಕಥೆ.

"ನಮ್ಮತ್ತೇನೂ ಹಂಗೇ" ಎಂದರು ನಾರಾಯಣಮ್ಮಕ್ಕ, ಕೈ ಎತ್ತದೆಯೇ. "ಹುಳಿಪುಡಿ ಅಳತೆ ಹೇಳ್ದೇನೇ ಹೋದ್ಲು, ಮುದುಕಿ."

ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆ ಮನುಷ್ಯರಿಗೆ ಎಷ್ಟು ಸಂತೋಷವಾಯಿತೆಂದರೆ, ಹಲಗೆಯ ಚಿತ್ರ ತೆಗೆಸಿ ಹುಳಿಪುಡಿಯ ಮೇಲೆ ಅರ್ಧ ಗಂಟೆ ಪಾಠ ಮಾಡಿದರು. ಆ ಪಾಠ ಎಲ್ಲರಿಗೂ ಅರ್ಥವಾಯಿತು.

ಎರಡನೆಯ ದಿನ ಮಧ್ಯಾಹ್ನ ಬಹಳ ಮುಖ್ಯವಾದ ಪಾಠವಂತೆ. 'ಅರ್ಜಿ ಹಾಕುವ ಮುಂಚೆ ನಿಮ್ಮ ಆವಿಷ್ಕಾರವನ್ನು ಯಾರಿಗೂ ತೋರಿಸಬಾರದು' ಎಂದು ಮೂರು ಸಲ ಹೇಳಿದರಂತೆ. ನಾನು ಆಗ ಅಡುಗೆಮನೆಯಲ್ಲಿದ್ದೆ. ಭಟ್ಟರು ನೂರು ಜನಕ್ಕೆ ಕೊತ್ತಂಬರಿ ಸೊಪ್ಪು ಹೆಚ್ಚಲು ಒದ್ದಾಡುತ್ತಿದ್ದರು, ಯಂತ್ರ ತೋರಿಸುತ್ತಿದ್ದೆ. ಗೌರಿಬಿದನೂರಿನ ಇಬ್ಬರು ಅಡುಗೆಯವರು ಅಳತೆ ತೆಗೆದುಕೊಂಡರು. ಟೇಪು ನಾನೇ ಹಿಡಿದುಕೊಟ್ಟೆ.

ಮೂರನೆಯ ದಿನ ನನ್ನ ಸರದಿ. ಯಂತ್ರವನ್ನು ಮೇಜಿನ ಮೇಲಿಟ್ಟು, ಮಹಜರನ್ನು ಎರಡು ಕೈಯಲ್ಲಿ ಕೊಟ್ಟೆ. ಹುಡುಗಿ ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಮಾಡುತ್ತಾ ಹೋದಳು. 'ಸತತ ಆರು ವರ್ಷಗಳಿಂದ' ಬಂದಾಗ ಅವಳ ಧ್ವನಿ ತಗ್ಗಿತು. 'ಬಹಿರಂಗವಾಗಿಯೂ' ಬಂದಾಗ ಆ ಮನುಷ್ಯರು ಕುರ್ಚಿ ಎಳೆದುಕೊಂಡು ಕೂತರು.

"ಅಮ್ಮಾ, ಇದು ಇಷ್ಟು ಜನಕ್ಕೂ ಮೊದ್ಲಿಂದಾನೇ ಗೊತ್ತಾ?" ಎಂದಳು ಹುಡುಗಿ.

"ಇನ್ನೂ ಇದ್ದಾರೆ ತಾಯಿ. ಕಾಗದ ಸಾಲ್ಲಿಲ್ಲ."

ಆಗ ನನಗೆ ತಿಳಿಹೇಳಿದರು. ಪೇಟೆಂಟ್ ಕೊಡುವುದು ಯಾರಿಗೂ ಗೊತ್ತಿಲ್ಲದ ಹೊಸ ವಸ್ತುವಿಗೆ. ಊರಿಗೆಲ್ಲ ಗೊತ್ತಾದ ಮೇಲೆ ಅದು ಊರಿನದು. ಯಾರಾದರೂ ಪೇಟೆಂಟಿಗೆ ತಕರಾರು ಮಾಡಬೇಕಾದರೆ ಊರೂರು ಅಲೆದು ಇಂಥ ಸಾಕ್ಷಿ ಹುಡುಕಬೇಕಾಗುತ್ತದೆ. ಇಲ್ಲಿ ಅರ್ಜಿದಾರಳೇ ಹುಡುಕಿ, ಛಾಪಾ ಕಾಗದದ ಮೇಲೆ ಮೊಹರು ಹಾಕಿಸಿ ತಂದಿದ್ದಾಳೆ! ಒಂದು ಪೇಟೆಂಟ್ ಯಾವ ಕಾಲಕ್ಕೂ ಸಿಗದಂತೆ ಮಾಡಲು ಇಷ್ಟು ಚೆನ್ನಾದ ದಾಖಲೆಯನ್ನು ಅವರು ಯಾವ ದೇಶದಲ್ಲೂ ನೋಡಿಲ್ಲವಂತೆ. ಬೇರೆ ಕಡೆ ಪಾಠ ಮಾಡುವಾಗ ತೋರಿಸಲು ಒಂದು ಜೆರಾಕ್ಸ್ ಕೊಡಬಹುದೇ ಎಂದು ವಿನಯದಿಂದ ಕೇಳಿದರು.

ಅನ್ವರ್ ಸಾಹೇಬರು ಮಾತು ಉಳಿಸಿಕೊಂಡಿದ್ದರು. ಅದನ್ನು ಯಾವ ಕೋರ್ಟೂ ಅಲ್ಲಾಡಿಸುವಂತಿರಲಿಲ್ಲ.

ನಾರಾಯಣಮ್ಮಕ್ಕ ಎದ್ದರು. "ಏನಪ್ಪಾ, ಈವಮ್ಮ ಬಂದಿರೋದು ಹೆಸರಿಗೆ ಅಂತ. ಇನ್ನೇನಕ್ಕೂ ಅಲ್ಲ. ಅವಳ ಗಂಡನ ಹೆಸರು ಒಂದ್ಕಡೆ ಬರ್ಕೊಡೋಕೆ ನಿಮ್ಮ ಅಂತರರಾಷ್ಟ್ರೀಯದಲ್ಲಿ ಜಾಗ ಇಲ್ವಾ?"

ಹುಡುಗಿಗೆ ಇದನ್ನು ಇಂಗ್ಲಿಷಿಗೆ ಮಾಡಲು ಸ್ವಲ್ಪ ಹೊತ್ತು ಹಿಡಿಯಿತು. ಆ ಮನುಷ್ಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಜಾಗ ಇದೆ ಎಂದರು. ಹಿಮದ ಹಲಗೆಯ ಪಾಠ ಇಲ್ಲಿ ನಡೆಯಲಿಲ್ಲವೆಂಬುದು ಅವರಿಗೂ ಗೊತ್ತಾಗಿತ್ತು. ಮುಂದಿನ ಪಾಠಪುಸ್ತಕದಲ್ಲಿ ಈ ಯಂತ್ರವನ್ನೇ ಉದಾಹರಣೆಯಾಗಿ, ಮುನಿರಾಜು ಎಂಬ ಹೆಸರಿನೊಂದಿಗೆ ಹಾಕುತ್ತಾರಂತೆ. ನಾನು ಮಾಡಬೇಕಾದ್ದು ಇಷ್ಟೇ: ಯಂತ್ರದಲ್ಲಿ ಏನೇನಿದೆ, ಯಾವ ಭಾಗ ಯಾಕಿದೆ ಎಂದು ಚಿತ್ರಸಹಿತ ಬರೆದು ಅಂಚೆಗೆ ಹಾಕುವುದು. ಒಂದನ್ನೂ ಬಿಡಬಾರದು.

ಇದು ನನ್ನ ಕೈಯಲ್ಲಿ ಆಗುವ ಕೆಲಸ. ಆರು ವರ್ಷ ಆ ಪೆಡಲು ತಿರುಗಿಸಿದವಳು ನಾನು. ಊರಿಗೆ ಬಂದವಳೇ ಅಂಗಳದಲ್ಲಿ ಚಾಪೆ ಹಾಕಿ ಯಂತ್ರ ಬಿಚ್ಚಿದೆ. ಹಲ್ಲುಚಕ್ರ, ಚೈನು, ಅಲಗು, ಬೋಲ್ಟು, ಎಲ್ಲ ಸಾಲಾಗಿ ಇಟ್ಟು ಚಿತ್ರ ಬರೆದೆ. ನನ್ನ ಹಲ್ಲುಚಕ್ರ ಸೂರ್ಯಕಾಂತಿ ಹೂವಿನಂತೆ ಬಂತು, ಇರಲಿ. ಕೊನೆಗೆ ಅಲಗಿನ ಹಿಂದಿನಿಂದ ಬೆರಳುದ್ದದ ಒಂದು ಬಗ್ಗಿದ ತಗಡು ಬಿತ್ತು. ಅದು ಯಾವುದಕ್ಕೂ ತಾಗಿಕೊಂಡಿರಲಿಲ್ಲ. ಅದನ್ನು ಬಿಟ್ಟು ಜೋಡಿಸಿ ತಿರುಗಿಸಿದೆ. ಯಂತ್ರ ಮೊದಲಿನಂತೆಯೇ ಓಡಿತು. ಮತ್ತೆ ಹಾಕಿ ತಿರುಗಿಸಿದೆ, ಹಾಗೆಯೇ ಓಡಿತು.

ಊರಿನ ಬೇರೆ ಯಂತ್ರಗಳನ್ನು ನೋಡಿದೆ. ಎಲ್ಲದರಲ್ಲೂ ಆ ತಗಡು ಇದೆ. ಒಬ್ಬರು ಸದ್ದು ಕಡಿಮೆಯಾಗಲಿಕ್ಕೆ ಎಂದರು. ಒಬ್ಬರು ಒದ್ದೆ ಸೊಪ್ಪು ಅಂಟದಿರಲಿ ಎಂದು ಇರಬೇಕು ಎಂದರು. ನಾರಾಯಣಮ್ಮಕ್ಕ, "ದೃಷ್ಟಿಗೆ ಹಾಕಿರ್ತಾನೆ ಬಿಡೇ" ಎಂದರು. ರವಣಪ್ಪನಿಗೆ ಫೋನ್ ಮಾಡಿದೆ.

"ಅಣ್ಣ ಹಾಕಿದ್ರು, ನಾನೂ ಹಾಕ್ದೆ ಅಕ್ಕಾ. ಯಾಕೆ ಅಂತ ಕೇಳ್ಲಿಲ್ಲ. ನೀವು ಕೇಳಿರ್ತೀರ ಅಲ್ವಾ?"

ನಾನು ಕೇಳಿರಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿ, ಆರು ವರ್ಷ ಪೆಡಲು ತಿರುಗಿಸಿ, ಮೂರು ದಿನ ಅಂತರರಾಷ್ಟ್ರೀಯ ತರಬೇತಿ ಪಡೆದವಳು ನಾನು. ತರಬೇತಿಯ ಪ್ರಮಾಣಪತ್ರ ಗೋಡೆಯ ಮೇಲಿದೆ, ನನ್ನ ಹೆಸರಿನಲ್ಲಿ!

ನಾಲ್ಕು ಪುಟ ಬರೆದಾಗಿದೆ. ಮೂರನೆಯ ಪುಟದಲ್ಲಿ 'ತಗಡು' ಎಂದು ಬರೆದು, ಯಾಕಿದೆ ಎಂಬುದಕ್ಕೆ ಎರಡು ಸಾಲು ಬಿಟ್ಟಿದ್ದೇನೆ. ಆ ಎರಡು ಸಾಲು ಇನ್ನೂ ಖಾಲಿ ಇವೆ.