ಕರಿಯಯ್ಯನ ಎಡೆಗೆ ಓಟ್ಸ್

"ಇವತ್ತು ಆ ಕಾಗೆಗೆ ಬುದ್ಧಿ ಕಲಿಸ್ದೆ ಇದ್ರೆ ನಾನು ಚಿಕ್ಕಸ್ವಾಮೀನೇ ಅಲ್ಲ!"

ನಂಜನಗೂಡಿನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಬೆಳಗಿನ ಐದೂವರೆಗೆ, ಬನಿಯನ್ ಹಾಕಿಕೊಂಡು ನಿಂತು ಚಿಕ್ಕಸ್ವಾಮಿ ಹೀಗೆ ಶಪಥ ಮಾಡಿದ. ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಆ ಕೋಣೆಗೆ ಅವನು ನೀರು ಕುಡಿಯಲು ಬಿಟ್ಟು ಬೇರೆ ಕೆಲಸಕ್ಕೆ ಕಾಲಿಟ್ಟದ್ದಿಲ್ಲ. ಬಾಗಿಲಲ್ಲಿ ರಂಗೋಲಿ ಬಿಡುತ್ತಿದ್ದ ಹೆಂಡತಿ ನಾಗರತ್ನ ತಲೆ ಎತ್ತದೆಯೇ ಕೇಳಿದಳು.

"ಕಾಗೆಗೆ ಬುದ್ಧಿ ಕಲಿಸೋಕೆ ನನ್ನ ಮಿಕ್ಸಿ ಯಾಕ್ರೀ?"

"ಸ್ಮೂದಿ ಮಾಡೋಕೆ!"

"ನಾನು ಮಾಡ್ಕೊಡ್ತೀನಿ, ಸರೀರಿ ಆಚೆ."

"ಬೇಡ. ಇದು ನನ್ನ ಗೆಳೆಯನ ಕೆಲಸ. ನನ್ನ ಕೈಯಿಂದಲೇ ಆಗ್ಬೇಕು. ನೀನು ಅಡುಗೆಮನೆಗೆ ಕಾಲಿಡಕೂಡದು!"

ಆ ಗೆಳೆಯ, ಹೆಡತಲೆ ಊರಿನ ಕರಿಯಯ್ಯ, ತೀರಿಕೊಂಡು ಅಂದಿಗೆ ಹನ್ನೊಂದು ದಿನ. ಚಿಕ್ಕಸ್ವಾಮಿಯೂ ಅವನೂ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಎದುರುಬದುರು ಕೂತವರು. ಕರಿಯಯ್ಯ ದಿನವೂ ಊರಿನಿಂದ ಬಸ್ಸಿಗೆ ಬರುತ್ತಿದ್ದ. ಚಿಕ್ಕಸ್ವಾಮಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಆ ಸೋಮವಾರವೂ ಕಾದ. ಬಸ್ಸು ಬಂತು. ಎಲ್ಲರೂ ಇಳಿದರು. ಕಿಟಕಿಗೆ ತಲೆ ಆನಿಸಿ ಕೂತಿದ್ದ ಕರಿಯಯ್ಯ ಮಾತ್ರ ಇಳಿಯಲಿಲ್ಲ. ಐವತ್ತೆರಡು ವರ್ಷ. ಎದೆ ಹಿಡಿದುಕೊಂಡಿತ್ತು ಎಂದರು ಡಾಕ್ಟರು.

ಅಂದಿನಿಂದ ಚಿಕ್ಕಸ್ವಾಮಿಗೆ ಬಂದದ್ದು ಅಳುವಲ್ಲ, ಸಿಟ್ಟು. ಸಿಟ್ಟು ಬರುವಂಥದ್ದೇ! ಅಲ್ಲಯ್ಯಾ, ಕಳೆದ ಒಂದು ವರ್ಷದಿಂದ ಆರೋಗ್ಯದ ಮೇಲೆ ಉಪನ್ಯಾಸ ಕೊಟ್ಟವನು ಯಾರು? ಹನ್ನೊಂದು ಗಂಟೆಗೆ ಚಿಕ್ಕಸ್ವಾಮಿಯ ಬೋಂಡದ ಪೊಟ್ಟಣ ಬಿಚ್ಚಿಕೊಳ್ಳುವುದೇ ತಡ, ಎದುರು ಕುರ್ಚಿಯಿಂದ ಪ್ರವಚನ ಶುರು.

"ಲೇ ಸ್ವಾಮಿ, ಸಾಯ್ತೀಯ ಕಣ್ಲಾ ಎಣ್ಣೆ ತಿಂದು. ನನ್ ನೋಡು. ಬೆಳಗ್ಗೆ ಎದ್ದು ಒಂದು ಲೋಟ ಓಟ್ಸು. ನಮ್ ಚನ್ನಾಜಮ್ಮ ಟಿವಿ ನೋಡಿ ಕಲ್ತವ್ಳೆ. ಮಧ್ಯಾಹ್ನದ ಗಂಟ ಹಸಿವೇ ಇಲ್ಲ, ಹೊಟ್ಟೆ ಕಲ್ಲು!"

"ಗಂಜಿ ಕುಡಿದು ಇಷ್ಟು ಗತ್ತಾ?"

"ಗಂಜಿ ಅನ್ಬ್ಯಾಡ. ಸ್ಮೂದಿ ಅನ್ನು. ಎಲ್ಲಿ, ಆ ಬೋಂಡ ಅರ್ಧ ಇತ್ಲಾಗ್ ಕೊಡು, ಎಣ್ಣೆ ಎಷ್ಟದೆ ನೋಡ್ತೀನಿ."

ಎಣ್ಣೆ ಎಷ್ಟಿದೆ ಎಂದು ನೋಡಲು ದಿನವೂ ಅರ್ಧ ಬೋಂಡ. ಅನುಮಾನ ಪರಿಹಾರವಾಗದೆ ಇನ್ನರ್ಧ. ಹೀಗೆ ಪರೀಕ್ಷೆ ಮಾಡಿದವನು ಹೋದ. ಪರೀಕ್ಷೆಗೆ ಒಳಗಾದ ಬೋಂಡದ ಒಡೆಯ ಉಳಿದ. ನ್ಯಾಯವೇ ಇದು? ಹತ್ತು ದಿನದಿಂದ ಚಿಕ್ಕಸ್ವಾಮಿಯ ಕೈ ಹನ್ನೊಂದು ಗಂಟೆಗೆ ತಾನಾಗಿ ಅರ್ಧ ಬೋಂಡವನ್ನು ಮೇಜಿನ ಆ ಕಡೆಗೆ ತಳ್ಳುತ್ತಿತ್ತು. ಅದು ಅಲ್ಲೇ ತಣ್ಣಗಾಗುತ್ತಿತ್ತು. ಅದನ್ನು ನೋಡಿದರೂ ಸಿಟ್ಟು!

ಇದೆಲ್ಲದರ ಮೇಲೆ ಆ ಕಾಗೆ. ಮೂರನೆಯ ದಿನ ಹಾಲು-ತುಪ್ಪಕ್ಕೆ ಸಮಾಧಿಯ ಮೇಲೆ ಎಡೆ ಇಟ್ಟರೆ ಕಾಗೆ ಮುಟ್ಟಲಿಲ್ಲ. ಎರಡು ಗಂಟೆ ಕಾದರು. ಮರದಲ್ಲಿ ಕೂತ ಕಾಗೆ ಕೆಳಗಿಳಿಯಲಿಲ್ಲ. ಸತ್ತವರಿಗೆ ಏನೋ ಕೊರಗು ಉಳಿದಿದೆ ಎಂದು ನೆಂಟರು ಪಿಸುಗುಟ್ಟಿದರು. ಕರಿಯಯ್ಯನ ಹೆಂಡತಿ ಚನ್ನಾಜಮ್ಮ ಅಂದಿನಿಂದ ಅನ್ನ ಬಿಟ್ಟಿದ್ದಳು. ನಿನ್ನೆ ಫೋನಿನಲ್ಲಿ ಅವಳ ದನಿ ಕೇಳಲಾಗುತ್ತಿರಲಿಲ್ಲ.

"ನಾನೇ ಕಣಣ್ಣ ಕೊಂದಿದ್ದು. ಬೆಳಗ್ಗೆ ಎದ್ರೆ ಮುದ್ದೆ ಉಣ್ಣೋ ಮನುಸನ ಬಾಯಿ ಕಟ್ಟಾಕಿ, ಒಂದ್ ವರ್ಸ ಆ ಅಂಟು ಕುಡ್ಸಿವ್ನಿ. ಬೇಡ ಅಂತ ಬಾಯಿ ಬಿಟ್ಟು ಏಳ್ದೇನೇ ಓಗ್ಬುಟ್ರು. ಅದ್ಕೇ ಕಾಗೆ ಮುಟ್ತಿಲ್ಲ."

"ಸುಮ್ನಿರವ್ವ! ಅವನು ಅದನ್ನ ಇಷ್ಟಪಟ್ಟು ಕುಡೀತಿದ್ದ! ದಿನಾ ಹೊಗಳ್ತಿದ್ದ! ನೀವು ಎಡೇಲಿ ಎಲ್ಲಾ ಇಟ್ಟು ಅದೊಂದನ್ನ ಬಿಟ್ಟಿದ್ದೀರಿ, ಅದಕ್ಕೇ. ನಾಳೆ ನಾನೇ ತರ್ತೀನಿ. ಕಾಗೆ ಹೆಂಗೆ ಮುಟ್ಟಲ್ಲ ನೋಡೇಬಿಡ್ತೀನಿ!"

ಹೀಗೆ ಹೆಡತಲೆಯ ಒಂದು ಹೆಣ್ಣುಜೀವದ ಊಟ ನಿದ್ದೆಯೆಲ್ಲ ಒಂದು ಲೋಟ ಸ್ಮೂದಿಯ ಮೇಲೆ ನಿಂತಿತ್ತು. ಚಿಕ್ಕಸ್ವಾಮಿ ಮಿಕ್ಸಿಯ ಮುಂದೆ ಯೋಧನಂತೆ ನಿಂತಿದ್ದ. ಮಾಡುವ ವಿಧಾನ ಅವನಿಗೆ ಬಾಯಿಪಾಠ. ಕರಿಯಯ್ಯನಿಂದ ವರ್ಷಪೂರ್ತಿ ಕೇಳಿದ್ದಾನಲ್ಲ! ಓಟ್ಸು, ಹಾಲು, ಬಾಳೆಹಣ್ಣು. ಎಷ್ಟೆಷ್ಟು ಎಂದು ಮಾತ್ರ ಆ ಪುಣ್ಯಾತ್ಮ ಒಂದು ದಿನವೂ ಹೇಳಿರಲಿಲ್ಲ. ಗೆಳೆಯನ ವಿಷಯದಲ್ಲಿ ಜಿಪುಣತನ ಯಾಕೆಂದು ಚಿಕ್ಕಸ್ವಾಮಿ ಅರ್ಧ ಪ್ಯಾಕೆಟ್ ಸುರಿದ. ದೇವರ ಮುಂದಿದ್ದ ರಸಬಾಳೆಯ ಚಿಪ್ಪಿನಿಂದ ನಾಲ್ಕು ಹಣ್ಣು ಸುಲಿದು ಹಾಕಿದ.

"ಅಯ್ಯೋ, ಅದು ರಸಬಾಳೆ ಕಣ್ರೀ! ಎಷ್ಟು ಹುಡುಕಿ ತಂದಿದ್ದೆ! ಪಚ್ಚಬಾಳೆ ಹಾಕಿದ್ರೆ ಆಗ್ತಿರಲಿಲ್ವಾ?"

"ನನ್ನ ಕರಿಯಯ್ಯಂಗೆ ಪಚ್ಚಬಾಳೆನಾ? ಏನು ಮಾತು ಅಂತ ಆಡ್ತೀಯ?"

ಹಾಲು ಹುಯ್ದು ಗುಂಡಿ ತಿರುಗಿಸಿದ. ಮಿಕ್ಸಿ ಒಮ್ಮೆ ಗೊರ್ ಎಂದು ನರಳಿ ನಿಂತಿತು. ಇನ್ನೊಂದು ಸುತ್ತು ತಿರುಗಿಸಿದ. ಸುಟ್ಟ ವಾಸನೆ ಬಂತು. ಏನಾಗಿದೆ ನೋಡೋಣವೆಂದು ಮುಚ್ಚಳದ ಮೇಲಿದ್ದ ಕೈ ತೆಗೆದ. ಅದೇ ಗಳಿಗೆಗೆ ಮಿಕ್ಸಿಗೆ ಹೋಗಿದ್ದ ಜೀವ ಮರಳಿ ಬರಬೇಕೆ! ಮುಚ್ಚಳ ಸೂರಿಗೆ ಹಾರಿತು. ಅದರ ಹಿಂದೆಯೇ ಸ್ಮೂದಿ. ಕ್ಯಾಲೆಂಡರಿನ ಮೇಲೆ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೂ ಓಟ್ಸ್! ಗಡಿಯಾರದ ಮೇಲೆ ಓಟ್ಸ್! ಕನ್ನಡಕದ ಮೇಲೆ ಓಟ್ಸ್ ಮೆತ್ತಿಕೊಂಡು ಕಣ್ಣು ಕಾಣದ ಚಿಕ್ಕಸ್ವಾಮಿ ತುಟಿ ನೆಕ್ಕಿದವನೇ "ಹಾ!" ಎಂದು ಕಿರುಚಿದ.

"ಇದೇನೇ ಇದು, ಖಾರ!"

"ನಿನ್ನೆ ಆ ಜಾರಲ್ಲೇ ಒಣಮೆಣಸಿನಕಾಯಿ ಪುಡಿ ಮಾಡಿದ್ದೆ. ತೊಳ್ಕೊಂಡು ಹಾಕಿ ಅಂತ ಹೇಳೋಣ ಅಂದ್ರೆ ನಾನು ಕಾಲಿಡಕೂಡದು ಅಂದ್ರಲ್ಲ."

"ಕಾಲಿಡಬೇಡ ಅಂದ್ರೆ ಬಾಯಿ ಬಿಡಬೇಡ ಅಂತ ಅರ್ಥನಾ?"

ಅಷ್ಟರಲ್ಲಿ ಆರು ಹೊಡೆಯಿತು. ಆರಕ್ಕೆ ಸರಿಯಾಗಿ ಕರೆಂಟು ಹೋಯಿತು. ಹೋಗುವುದರಲ್ಲಾದರೂ ಅದಕ್ಕಿರುವ ನಿಯಮನಿಷ್ಠೆ ನೋಡಿ! ಚಿಕ್ಕಸ್ವಾಮಿ ಜಾರಿನಲ್ಲಿ ಉಳಿದದ್ದನ್ನು ಪಾತ್ರೆಗೆ ಬಗ್ಗಿಸಿ, ಕಡಗೋಲು ತೆಗೆದುಕೊಂಡು ಕಡೆಯಲು ಕೂತ. ಖಾರ ಸಾಯಲಿ ಎಂದು ಬೆಲ್ಲ ಹಾಕಿದ. ಬೆಲ್ಲ ಜಾಸ್ತಿಯಾಯಿತೆಂದು ಹಾಲು ಹುಯ್ದ. ನೀರಾಯಿತೆಂದು ಉಳಿದರ್ಧ ಪ್ಯಾಕೆಟ್ ಓಟ್ಸ್ ಸುರಿದ. ಗಟ್ಟಿಯಾಯಿತೆಂದು ಕಾಫಿಗಿಟ್ಟಿದ್ದ ಹಾಲನ್ನೂ ಹುಯ್ದ. ಒಂದು ಲೋಟಕ್ಕೆಂದು ಆರಂಭವಾದ ಸ್ಮೂದಿ ಮುಗಿಯುವಾಗ ನಾಲ್ಕು ಲೀಟರಿನ ಹಾಲಿನ ಕ್ಯಾನನ್ನು ಕಂಠದವರೆಗೆ ತುಂಬಿತ್ತು.

ಹೆಡತಲೆಯ ಬಸ್ಸಿನಲ್ಲಿ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತ. ಪಕ್ಕದಲ್ಲಿ ಕಾಫಿ ಇಲ್ಲದೆ ಬಂದ ನಾಗರತ್ನ ಬಿಗಿದ ಮುಖದಲ್ಲಿ ಕೂತಳು. ಅವಳ ಸ್ವಭಾವವೇ ಹಾಗೆ. ಬೆಳಗಿನ ಕಾಫಿ ತಪ್ಪಿದರೆ ಸಂಜೆಯವರೆಗೆ ಮಾತು ಕಡಿಮೆ, ಇದ್ದ ಮಾತೂ ಚೂಪು.

ಹಿಂದಿನ ಸೀಟಿನ ಮುದುಕ ಬಗ್ಗಿ ನೋಡಿದ. "ಯಾಕ್ ಸಾ, ಪ್ಯಾಟೆಯಿಂದ ಅಳ್ಳಿಗೆ ಆಲು ಒಯ್ತಾ ಇದ್ದೀರಿ?"

"ಹಾಲಲ್ಲ!" ಎಂದ ಚಿಕ್ಕಸ್ವಾಮಿ.

"ಮತ್ತೆ ಮುಚ್ಳ ಯಾಕ್ ಮೇಲಕ್ ಏಳ್ತಾ ಅದೆ?"

ನಿಜ! ಓಟ್ಸ್ ಉಬ್ಬುತ್ತದೆ ಎಂಬ ಸಂಗತಿಯನ್ನೂ ಕರಿಯಯ್ಯ ಹೇಳಿರಲಿಲ್ಲ. ಹದಗೆಟ್ಟ ರಸ್ತೆಯ ಪ್ರತಿಯೊಂದು ಹೊಂಡಕ್ಕೂ ಮುಚ್ಚಳ ಒಂದೊಂದು ಬೆರಳು ಮೇಲೇರಿತು. ಚಿಕ್ಕಸ್ವಾಮಿ ಎರಡೂ ಕೈಯಿಂದ ಅದುಮಿ ಹಿಡಿದು, "ಎಲ್ಲಾ ಹೇಳ್ದೆ, ಇದನ್ನ ಹೇಳೋಕೆ ಏನಾಗಿತ್ತೋ ನಿಂಗೆ!" ಎಂದು ಇಲ್ಲದ ಗೆಳೆಯನನ್ನು ಬಸ್ಸಿನಲ್ಲೇ ಗಟ್ಟಿಯಾಗಿ ಬೈದ. ಮುದುಕ ಬೇರೆ ಸೀಟಿಗೆ ಹೋದ.

ಕರಿಯಯ್ಯನನ್ನು ಮಣ್ಣು ಮಾಡಿದ್ದು ಮನೆಯ ಹಿಂದಿನ ಅವನ ಹೊಲದಲ್ಲೇ. ಗುಡ್ಡೆಮಣ್ಣಿನ ಮುಂದೆ ಬಾಳೆಲೆ ಹಾಸಿ ಮುದ್ದೆ, ಕೋಳಿಸಾರು, ವಡೆ, ಪಾಯಸ, ಒಂದು ಕಟ್ಟು ಬೀಡಿ ಇಟ್ಟಿದ್ದರು. ಮನೆ ತುಂಬ ನೆಂಟರಾದ್ದರಿಂದ ಕೊಟ್ಟಿಗೆಯನ್ನು ಅಡುಗೆಯವರಿಗೆ ಬಿಟ್ಟುಕೊಟ್ಟು, ಎಮ್ಮೆಯನ್ನು ಹೊಲದಂಚಿನ ಹೊಂಗೆಮರಕ್ಕೆ ಕಟ್ಟಿದ್ದರು. ಅದರ ಬೆನ್ನ ಮೇಲೆ ಆ ಕಾಗೆ ಕೂತಿತ್ತು, ಸಾಹೇಬರು ಕುರ್ಚಿಯಲ್ಲಿ ಕೂತ ಹಾಗೆ. ಚಿಕ್ಕಸ್ವಾಮಿ ಅದನ್ನು ದುರುಗುಟ್ಟಿ ನೋಡಿದ. ಕಾಗೆ ಅವನನ್ನು ನೋಡಲಿಲ್ಲ.

ಚನ್ನಾಜಮ್ಮ ಸೊರಗಿ ಅರ್ಧವಾಗಿದ್ದಳು. "ತಂದ್ರಾ ಅಣ್ಣ?" ಎಂದಳು, ಅಷ್ಟೇ.

ಚಿಕ್ಕಸ್ವಾಮಿ ಲೋಟ ಇಟ್ಟು ಕ್ಯಾನು ಬಗ್ಗಿಸಿದ. ಏನೂ ಬೀಳಲಿಲ್ಲ. ತಲೆಕೆಳಗು ಮಾಡಿದ. ಬೀಳಲಿಲ್ಲ. ಬುಡಕ್ಕೆ ನಾಲ್ಕು ಗುದ್ದು ಗುದ್ದಿದ ಮೇಲೆ ಕ್ಯಾನಿನ ಆಕಾರದ್ದೇ ಒಂದು ಕಂಬ ಎಲೆಯ ಪಕ್ಕಕ್ಕೆ ದೊಪ್ಪನೆ ಬಿತ್ತು. ಬಿದ್ದು ನಡುಗಿತು.

"ಇದೇನ್ಲಾ ಇದು?" ಕರಿಯಯ್ಯನ ಸೋದರತ್ತೆ ಮಂಚಮ್ಮ ಕೋಲೂರಿಕೊಂಡು ಬಂದು ನೋಡಿದಳು. "ಗೋಡೆಗೆ ಮೆತ್ತೋ ಗಾರೆ ತಂದಿದ್ದೀಯಾ?"

"ಸ್ಮೂದಿ ಅಜ್ಜಿ. ಅವನ ಜೀವ ಇದು."

"ಇದ್ನ ತಿಂತಿದ್ನಾ? ಅದ್ಕೇ ಓದ."

ಚನ್ನಾಜಮ್ಮನ ಮುಖ ಇನ್ನಷ್ಟು ಬಿತ್ತು. ಚಿಕ್ಕಸ್ವಾಮಿಗೆ ಮುದುಕಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂದರೂ ಹನ್ನೊಂದನೆಯ ದಿನವೆಂದು ನುಂಗಿಕೊಂಡ. ಎಲ್ಲರೂ ದೂರ ಸರಿದು ನಿಂತರು. ಚನ್ನಾಜಮ್ಮ ಕೈ ಮುಗಿದಳು. "ತಪ್ಪಾಯ್ತು, ಇನ್ನೇನ್ ಮಾಡ್ಲಿ, ಬಂದು ಮುಟ್ಟಿ" ಎಂದಳು. ಕಾಗೆ ಮುದ್ದೆಯನ್ನು ನೋಡಿತು. ವಡೆಯನ್ನು ನೋಡಿತು. ಎಮ್ಮೆಯ ಬೆನ್ನ ಮೇಲೆ ಕೊಕ್ಕು ಒರೆಸಿಕೊಂಡು ಸುಮ್ಮನಾಯಿತು. ಕಾಲು ಗಂಟೆ. ಅರ್ಧ ಗಂಟೆ.

"ಇಳಿಯೋ ಮಾರಾಯ, ರಸಬಾಳೆ ಹಾಕಿದ್ದೀನಿ!" ಎಂದು ಚಿಕ್ಕಸ್ವಾಮಿ ಕೂಗಿದ. ಕಾಗೆಗೆ ಹೇಳಿದನೋ ಬೇರೆಯವರಿಗೆ ಹೇಳಿದನೋ ಅವನಿಗೇ ಗೊತ್ತಿಲ್ಲ.

ಗಾಳಿ ಆ ಕಡೆಗೆ ಬೀಸಿತು. ಎಮ್ಮೆ ತಲೆ ಎತ್ತಿತು. ಮೂಗರಳಿಸಿತು. ಒಮ್ಮೆ "ಆಂಯ್" ಎಂದು ಕೂಗಿ, ಕತ್ತು ಜಗ್ಗಿ, ಹಗ್ಗವನ್ನು ದಾರದಂತೆ ಕಿತ್ತುಕೊಂಡು ಬಂತು ನೋಡಿ! ನೆಂಟರು ಚೆಲ್ಲಾಪಿಲ್ಲಿ. ಮಂಚಮ್ಮ ಕೋಲು ಬಿಟ್ಟು ಓಡಿದ್ದನ್ನು ಆ ದಿನವೇ ಹೆಡತಲೆಯವರು ಮೊದಲು ಕಂಡದ್ದು. ಎಮ್ಮೆ ಕೋಳಿಸಾರಿನ ಕಡೆ ತಿರುಗಲಿಲ್ಲ, ಪಾಯಸಕ್ಕೆ ಮೂತಿ ಹಾಕಲಿಲ್ಲ. ನೇರವಾಗಿ ಓಟ್ಸ್ ಕಂಬದ ಮುಂದೆ ನಿಂತು, ಖಾರಕ್ಕೆ ಒಂದು ಸಲ ಸೀನಿ, ಕಣ್ಣು ಅರೆಮುಚ್ಚಿ ತಿನ್ನತೊಡಗಿತು. ಹೊಸ ಪದಾರ್ಥ ತಿನ್ನುವ ಎಮ್ಮೆಯ ರೀತಿಯಲ್ಲ ಅದು. ಹನ್ನೊಂದು ದಿನದಿಂದ ಕಾದವರು ತಿನ್ನುವ ರೀತಿ.

ಚನ್ನಾಜಮ್ಮ ಬಾಯಿ ತೆರೆದು ನೋಡುತ್ತಿದ್ದಳು. ಮೆಲ್ಲಗೆ ಅಂದಳು: "ದಿನಾ ಬೆಳಗ್ಗೆ ಲೋಟ ಇಡ್ಕಂಡು ಕೊಟ್ಗೆ ಕಡೀಕೆ ಓಗೋರು. ತಂಗಾಳೀಲಿ ಕುಡೀತೀನಿ ಅನ್ನೋರು."

ಎಮ್ಮೆ ಕಂಬದ ಇನ್ನೊಂದು ಬದಿಗೆ ಬಾಯಿ ಹಾಕಿತು.

"ಲೋಟಾನೂ ಅವ್ರೇ ತೊಳ್ದು ತಂದಿಕ್ಕೋರು. ಎಂಥಾ ಗಂಡ ಸಿಕ್ದ ಅಂತ ಊರ್ಗೆಲ್ಲಾ ಏಳ್ಕಂಡ್ ಬಂದಿದ್ದೆ ನಾನು!" ಅವಳ ದನಿ ಏರಿತು. "ಎಮ್ಮೆ ಅರ್ಧ ಲೀಟರ್ ಜಾಸ್ತಿ ಕೊಡ್ತಿತ್ತು. ನಾನ್ ಆಕೋ ಇಂಡಿ ಚೆನ್ನಾಗದೆ ಅನ್ಕಂಡಿದ್ದೆ! ಅಯ್ಯೋ ನಿಮ್ಮ!"

ಎಂದವಳೇ ಸೆರಗನ್ನು ಬಾಯಿಗೊತ್ತಿಕೊಂಡಳು. ಅಳುತ್ತಿದ್ದಾಳೆಂದು ನಾಗರತ್ನ ಓಡಿದಳು. ಅಳು ಅಲ್ಲ. ನಗು. ನಕ್ಕು ನಕ್ಕು ನೆಲಕ್ಕೆ ಕೂತಳು. ಅವಳ ನಗುವಿನ ಜೊತೆಗೇ ಎಮ್ಮೆಯ ಬೆನ್ನಿನ ಮೇಲೆ ಸವಾರಿ ಬಂದಿದ್ದ ಕಾಗೆ ಸರ್ರನೆ ಎಲೆಯ ಮೇಲಿಳಿದು ಒಂದು ವಡೆ ಕಚ್ಚಿಕೊಂಡು ಹಾರಿತು.

"ಮುಟ್ತು! ಮುಟ್ತು!" ಎಂದರು ನೆಂಟರು.

ಚಿಕ್ಕಸ್ವಾಮಿ ಮಾತ್ರ ಕೈಯಲ್ಲಿ ಖಾಲಿ ಕ್ಯಾನು ಹಿಡಿದು ಕಲ್ಲಾಗಿ ನಿಂತಿದ್ದ. ಒಂದು ವರ್ಷದ ಪ್ರವಚನ! ಹೊಟ್ಟೆ ಕಲ್ಲು ಅಂತೆ! ಬೆಳಗಿನಿಂದ ಏನೂ ತಿನ್ನದೆ ಬಂದು, ಹಸಿದು, ಎಣ್ಣೆ ನೋಡುವ ನೆಪದಲ್ಲಿ ಬೋಂಡ ಹೊಡೆಯುತ್ತಿದ್ದ ಕಳ್ಳ! "ಒಂದು ತೊಟ್ಟೂ ಕುಡಿದಿಲ್ಲ ತಾಯಿ ಅವನು! ನೀವು ಅವನಿಗೆ ಏನೂ ಮಾಡಿಲ್ಲ! ನಮ್ಮಿಬ್ಬರಿಗೂ ಮಾಡಿದ್ದು ಅವನು!" ಎಂದು ಕೂಗಿದ.

"ಊ ಕಣಣ್ಣ" ಎಂದು ಕಣ್ಣೊರೆಸಿಕೊಂಡ ಚನ್ನಾಜಮ್ಮ ಎದ್ದು, ಅಂದು ಎಲ್ಲರ ಪಂಕ್ತಿಯಲ್ಲಿ ಕೂತು, ಎರಡು ಮುದ್ದೆ ಉಂಡಳು.

ಸಂಜೆಯ ಬಸ್ಸಿನಲ್ಲಿ ಚಿಕ್ಕಸ್ವಾಮಿ ಕಿಟಕಿ ಪಕ್ಕ ಕೂತ. ಸಿಟ್ಟು ಹುಡುಕಿದ, ಸಿಗಲಿಲ್ಲ. ಎಮ್ಮೆ, ಕಾಗೆ, ಮಂಚಮ್ಮನ ಓಟ, ಎಲ್ಲವನ್ನೂ ನಾಳೆ ಹನ್ನೊಂದು ಗಂಟೆಗೆ ಕರಿಯಯ್ಯನಿಗೆ ಹೇಳಬೇಕು, ಬಿದ್ದು ಬಿದ್ದು ನಗುತ್ತಾನೆ ಎಂದುಕೊಂಡ. ಎಂದುಕೊಂಡ ಮೇಲೆ ನೆನಪಾಯಿತು. ಆಗ, ಹನ್ನೊಂದು ದಿನದಲ್ಲಿ ಮೊದಲ ಸಲ, ಅತ್ತ. ನಾಗರತ್ನ ಸುಮ್ಮನೆ ಅವನ ಕೈ ಹಿಡಿದುಕೊಂಡಿದ್ದಳು.

ನಂಜನಗೂಡಿನ ದೀಪಗಳು ಕಂಡಾಗ ಅವಳು ಕೈ ಬಿಟ್ಟು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಒಳಗೆ ಮೂರು ಓಟ್ಸ್ ಪ್ಯಾಕೆಟ್.

"ಇದೇನು?"

"ಚನ್ನಾಜಮ್ಮ ಕೊಟ್ರು. ನಾಳೆಯಿಂದ ನಿಮ್ಗೆ ಬೋಂಡ ಬಂದ್. ದಿನಾ ಬೆಳಗ್ಗೆ ಒಂದು ಲೋಟ."

"ಅಲ್ವೇ, ಕರಿಯಯ್ಯನೇ ಕುಡೀಲಿಲ್ಲ..."

"ನೀವು ಕುಡೀತೀರಿ" ಎಂದಳು ನಾಗರತ್ನ, ಇಳಿಯಲು ಏಳುತ್ತಾ. "ನಮ್ಮನೇಲಿ ಎಮ್ಮೆ ಇಲ್ಲ."